ಹೋದ ಪುಟ್ಟ, ಬಂದ ಪುಟ್ಟ ಆಗಬಾರದು



ಏಪ್ರಿಲ್ 14ರಿಂದ 20ರವರೆಗೆ ದೇಶದಲ್ಲೆಲ್ಲ ಅಗ್ನಿಶಾಮಕ ಸಪ್ತಾಹ. ಠಾಣೆಯವರು ಶಾಲೆಗೆ ಬಂದು ಅಣಕು ಪ್ರದರ್ಶನ ಮಾಡ್ತಾರೆ. ಗ್ಯಾಸ್ ಸಿಲಿಂಡರ್‌ಗೆ ಹತ್ತಿದ ಬೆಂಕಿಯನ್ನು ಒದ್ದೆ ಗೋಣಿಚೀಲದಲ್ಲಿ ಆರಿಸಿ ತೋರಿಸ್ತಾರೆ, ಮಕ್ಕಳು ಚಪ್ಪಾಳೆ ಹೊಡೀತಾರೆ. ಈ ತಾರೀಕು ಎಲ್ಲಿಂದ ಬಂತು ಅನ್ನೋದು ಎಷ್ಟು ಜನಕ್ಕೆ ಗೊತ್ತು? 1944ರ ಏಪ್ರಿಲ್ 14. ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟಿಕಿನ್ ಅನ್ನೋ ಹಡಗಿಗೆ ಬೆಂಕಿ ಬಿತ್ತು. ಅದರೊಳಗೆ ಹತ್ತಿ ಮೂಟೆಗಳೂ ಇದ್ವು, ಸ್ಫೋಟಕಗಳೂ ಇದ್ವು. ಆರಿಸೋಕೆ ಹೋದವರು ಪೈಪು ಹಿಡಿದು ನಿಂತಿದ್ದಾಗಲೇ ಹಡಗು ಸಿಡೀತು. ಸತ್ತ ಅಗ್ನಿಶಾಮಕ ಸಿಬ್ಬಂದಿಯೇ 60ಕ್ಕೂ ಹೆಚ್ಚು. ಅವರ ನೆನಪಿಗೆ ಈ ಸಪ್ತಾಹ.

ಸಾಮಾನ್ಯವಾಗಿ ಇದೇ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ ಒಂದು ದೊಡ್ಡ ಸಮ್ಮೇಳನ ನಡೆಯುತ್ತೆ. ಎಫ್‌ಡಿಐಸಿ ಅಂತ ಅದರ ಹೆಸರು. ಬೆಂಕಿ ಆರಿಸೋರಿಗೋಸ್ಕರವೇ ಇರೋ ಸಮ್ಮೇಳನ. 30 ಸಾವಿರಕ್ಕೂ ಹೆಚ್ಚು ಜನ ಸೇರ್ತಾರೆ. ಪುಕ್ಕಟೆ ಅಲ್ಲ, ಶುಲ್ಕವೇ ನೂರಾರು ಡಾಲರ್. ಅದರ ಮೇಲೆ ಹೋಟೆಲ್ಲು, ವಿಮಾನ, ಊಟ. ಇನ್ನೊಂದು ವಿಷಯ ಕೇಳಿ. ಅಮೆರಿಕದ ಅಗ್ನಿಶಾಮಕರಲ್ಲಿ ಹತ್ತಿರಹತ್ತಿರ ಮೂರರಲ್ಲಿ ಎರಡು ಪಾಲು ಸ್ವಯಂಸೇವಕರು. ಹಗಲು ಬೇರೆ ಕೆಲಸ, ಸೈರನ್ ಆದರೆ ಓಡೋದು. ಇಂಥವರಲ್ಲಿ ಎಷ್ಟೋ ಜನ ಕೆಲಸಕ್ಕೆ ರಜೆ ಹಾಕಿ, ಸ್ವಂತ ಜೇಬಿನಿಂದ ದುಡ್ಡು ಕಟ್ಟಿ ಹೋಗ್ತಾರೆ. ಇಷ್ಟು ಖರ್ಚು ಮಾಡಿ ಹೋಗೋದರಲ್ಲಿ ಅರ್ಥ ಇದೆಯಾ? ನಮ್ಮ ಸರ್ಕಾರವೂ ನಮ್ಮ ಸಿಬ್ಬಂದಿಯನ್ನು ಇಂಥ ಕಡೆ ಕಳಿಸಬೇಕಾ? ಇವತ್ತಿನ ಮಾತು ಇದೇ.

ದಂಡ ಅನ್ನೋರ ವಾದ ತೆಗೆದುಹಾಕೋ ಹಾಗಿಲ್ಲ. ಆ ಸಮ್ಮೇಳನದ ಅರ್ಧ ಭಾಗ ಜಾತ್ರೆ. ಫುಟ್‌ಬಾಲ್ ಸ್ಟೇಡಿಯಂ ಒಳಗೂ ಮಳಿಗೆಗಳು. ಹೊಳೆಯೋ ಕೆಂಪು ಫೈರ್ ಇಂಜಿನ್‌ಗಳು, ಹೆಲ್ಮೆಟ್ಟು, ಬೂಟು, ನಾಝಲ್ಲು, ಎಲ್ಲಾ ಕಂಪನಿಯವರೂ ಅಲ್ಲಿರ್ತಾರೆ. ಮಾರೋದು ಅವರ ಕೆಲಸ. ಪೈಪು ಹಾಸೋದು, ಏಣಿ ಹತ್ತೋದು, ಕತ್ತಲಲ್ಲಿ ತಡವರಿಸಿ ಮನುಷ್ಯನನ್ನ ಹುಡುಕೋದು ಇದನ್ನೆಲ್ಲ ನಿಮ್ಮ ಠಾಣೆಯ ಅಂಗಳದಲ್ಲೇ ಪುಕ್ಕಟೆ ಕಲೀಬಹುದು. ಹೊಸ ಸಂಶೋಧನೆ ಬೇಕು ಅಂದ್ರೆ ಯುಎಲ್ ಸಂಸ್ಥೆಯವರು ವರದಿ, ಪಾಠ ಎಲ್ಲವನ್ನೂ ಆನ್‌ಲೈನ್‌ನಲ್ಲಿ ಉಚಿತವಾಗಿಯೇ ಹಾಕಿದ್ದಾರೆ. ಹಾಗಿದ್ದ ಮೇಲೆ ದುಡ್ಡು ಯಾಕೆ ಸುರೀಬೇಕು?

ಇದಕ್ಕೆ ಉತ್ತರ ಕೊಡೋಕೆ ಮುಂಚೆ ಎರಡು ಘಟನೆ ಹೇಳ್ತೀನಿ.

2007ರ ಜೂನ್ 18. ಅಮೆರಿಕದ ಸೌತ್ ಕೆರೊಲಿನಾ ರಾಜ್ಯದ ಚಾರ್ಲ್ಸ್‌ಟನ್. ಒಂದು ದೊಡ್ಡ ಸೋಫಾ ಅಂಗಡಿಗೆ ಬೆಂಕಿ. ಶೋರೂಂ ತುಂಬ ಫೋಮ್ ತುಂಬಿದ ಸೋಫಾಗಳು. ಸಿಬ್ಬಂದಿ ಒಳಗೆ ನುಗ್ಗಿದರು. ಹೊಗೆ ನೆಲದವರೆಗೆ ಇಳೀತು, ದಾರಿ ತಪ್ಪಿತು, ಕಟ್ಟಡ ಧಗ್ಗಂತ ಹತ್ತಿಕೊಂಡು ಕುಸೀತು. 9 ಜನ ಅಗ್ನಿಶಾಮಕರು ಒಳಗೇ ಸತ್ತರು. ಆಮೇಲೆ ಬಂದ ವರದಿಗಳು ಏನು ಹೇಳಿದ್ವು? ತರಬೇತಿ ಸಾಲದು, ಸ್ಥಳದಲ್ಲಿ ಆಜ್ಞೆ ಕೊಡೋ ವ್ಯವಸ್ಥೆ ಸಾಲದು, ವಿಧಾನ ಹಳೇದು. ಧೈರ್ಯಕ್ಕೆ ಅಲ್ಲಿ ಯಾವ ಕೊರತೆಯೂ ಇರಲಿಲ್ಲ. ಬೆಂಕಿ ಬದಲಾಗಿತ್ತು, ಕಲಿತ ಪಾಠ ಬದಲಾಗಿರಲಿಲ್ಲ.

ಬೆಂಕಿ ಬದಲಾಗೋದಾ ಅಂತ ಕೇಳ್ತೀರಿ. ಬದಲಾಗಿದೆ ಸ್ವಾಮಿ! ಹಳೇ ಕಾಲದ ಮರದ ಕುರ್ಚಿ, ಹತ್ತಿ ಹಾಸಿಗೆ ಇರೋ ಕೋಣೆಗೂ ಇವತ್ತಿನ ಫೋಮು, ಪ್ಲಾಸ್ಟಿಕ್ಕು, ಪಾಲಿಯೆಸ್ಟರ್ ಪರದೆ ಇರೋ ಕೋಣೆಗೂ ಒಟ್ಟೊಟ್ಟಿಗೆ ಬೆಂಕಿ ಹಚ್ಚಿ ಯುಎಲ್‌ನವರು ನೋಡಿದ್ರು. ಹೊಸ ಕೋಣೆ 4 ನಿಮಿಷದೊಳಗೆ ಪೂರ್ತಿ ಧಗಧಗ. ಹಳೇ ಕೋಣೆಗೆ ಅರ್ಧ ಗಂಟೆ ಹತ್ತಿರ ಹಿಡೀತು.

ಎರಡನೇ ಘಟನೆ 2012ರದ್ದು. ನ್ಯೂಯಾರ್ಕ್ ಪಕ್ಕದ ಗವರ್ನರ್ಸ್ ದ್ವೀಪದಲ್ಲಿ ಕೆಡವಬೇಕಾಗಿದ್ದ ಖಾಲಿ ಮನೆಗಳಿದ್ವು. ನ್ಯೂಯಾರ್ಕ್ ಅಗ್ನಿಶಾಮಕ ಇಲಾಖೆ, ಅಲ್ಲಿನ ಸರ್ಕಾರಿ ಪ್ರಯೋಗಾಲಯ ನಿಸ್ಟ್, ಈ ಯುಎಲ್ ಮೂವರೂ ಸೇರಿ ಆ ಮನೆಗಳಲ್ಲಿ ಬೆಂಕಿ ಹಚ್ಚಿ, ಮೂಲೆಮೂಲೆಯಲ್ಲೂ ತಾಪ ಅಳೆಯೋ ಸಾಧನ ಇಟ್ಟು ಪರೀಕ್ಷೆ ಮಾಡಿದ್ರು. ತಲೆಮಾರುಗಳಿಂದ ನಂಬಿದ್ದ ಒಂದು ಮಾತಿತ್ತು: ಹೊರಗಿನಿಂದ ಕಿಟಕಿಗೆ ನೀರು ಬಿಟ್ಟರೆ ಬೆಂಕಿ ಒಳಗಿರೋರ ಮೇಲೆ ತಳ್ಳಿಕೊಂಡು ಹೋಗುತ್ತೆ. ಹಾಗಾಗಲ್ಲ ಅಂತ ಗೊತ್ತಾಯ್ತು. ಮೊದಲು ಹೊರಗಿಂದ ಕೆಲವೇ ಸೆಕೆಂಡು ನೀರು ಬಿಟ್ಟರೂ ಒಳಗಿನ ತಾಪ ಸರ್ರಂತ ಇಳಿಯುತ್ತೆ. ಬದಲಿಗೆ ಯೋಚನೆ ಇಲ್ಲದೆ ಬಾಗಿಲು ತೆಗೆದು ಗಾಳಿ ಕೊಟ್ಟರೆ ಅದೇ ಅಪಾಯ.

ಇದನ್ನ 25 ವರ್ಷ ಸರ್ವೀಸ್ ಆದ ಫೈರ್‌ಮ್ಯಾನ್‌ಗೆ ಸುತ್ತೋಲೆ ಕಳಿಸಿ ಒಪ್ಪಿಸೋಕೆ ಆಗುತ್ತಾ? ಆಗಲ್ಲ. ಸುತ್ತೋಲೆ ಫೈಲಿಗೆ ಹೋಗುತ್ತೆ. ಆತ "ನಾವು ಕಂಡಿದ್ದೀವಿ ಬಿಡ್ರೀ" ಅಂತಾನೆ. ಅದು ಅಹಂಕಾರ ಅಲ್ಲ, ಆ ಅನುಭವದಿಂದಲೇ ಆತ ಇಷ್ಟು ದಿನ ಬದುಕಿರೋದು. ಆತ ಬದಲಾಗಬೇಕಾದ್ರೆ ಪ್ರಯೋಗ ಮಾಡಿದವರು ಎದುರಿಗೆ ನಿಂತು ವಿಡಿಯೋ ತೋರಿಸಬೇಕು, ಆತ ಎದ್ದು ನಿಂತು ಜಗಳ ಆಡಬೇಕು, ಪಕ್ಕದಲ್ಲಿ ಕೂತ ಬೇರೆ ಊರಿನವನು "ನಾವು ಹೋದ ವರ್ಷದಿಂದ ಹಾಗೇ ಮಾಡ್ತಾ ಇದ್ದೀವಿ" ಅನ್ನಬೇಕು. ಸಮ್ಮೇಳನಗಳ ವೇದಿಕೆಗಳಲ್ಲಿ ಈ ಜಗಳ ವರ್ಷಗಟ್ಟಲೆ ನಡೀತು. ಶುಲ್ಕ ಕಟ್ಟಿ ಕೊಳ್ಳೋದು ಈ ಜಗಳವನ್ನ. ಅದು ಆನ್‌ಲೈನ್‌ನಲ್ಲಿ ಸಿಗಲ್ಲ.

ಅಲ್ಲಿ ಇನ್ನೊಂದು ವಿಭಾಗ ಇದೆ, ಕೈಯಾರೆ ಮಾಡಿ ಕಲಿಯೋದು. ತಮ್ಮದೇ ಕೋಟು, ಹೆಲ್ಮೆಟ್, ಬೂಟು ತಗೊಂಡು ಹೋಗಬೇಕು. ನಿಜವಾದ ಕಟ್ಟಡ, ನಿಜವಾದ ಹೊಗೆ. ಬರೀ ಭಾಷಣ ಕೇಳಿ ವಾಪಸ್ ಬರೋದು ದಡದಲ್ಲಿ ಕೂತು ಈಜು ಕಲಿತ ಹಾಗೆ. ಅಂಥವರ ಮಟ್ಟಿಗೆ ದುಡ್ಡು ದಂಡ ಅನ್ನೋದನ್ನ ನಾನು ಒಪ್ಪುತ್ತೀನಿ.

ಈಗ ನಮ್ಮ ಮನೆಗೆ ಬರೋಣ.

2010ರ ಫೆಬ್ರವರಿ 23. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆ, ಕಾರ್ಲ್‌ಟನ್ ಟವರ್ಸ್. ಆ ದೃಶ್ಯ ನೀವು ಟಿವಿಯಲ್ಲಿ ನೋಡಿದ್ದೀರಿ. ವಿದ್ಯುತ್ ತಂತಿಗಳ ಡಕ್ಟ್‌ನಲ್ಲಿ ಹುಟ್ಟಿದ ಹೊಗೆ ಮೇಲಿನ ಮಹಡಿಗಳನ್ನ ತುಂಬಿತು. ಜನ ಗಾಜು ಒಡೆದು ಕಿಟಕಿಯಲ್ಲಿ ನಿಂತರು, ಕೆಲವರು ಕೆಳಗೆ ಹಾರಿದ್ರು. 9 ಜೀವ ಹೋಯ್ತು. ಕೊಂದದ್ದು ಬೆಂಕಿಗಿಂತ ಹೆಚ್ಚಾಗಿ ಹೊಗೆ ಮತ್ತು ಗಾಬರಿ. ಅದಾದ ಮೇಲೆ ಬೆಂಗಳೂರು ಮೇಲಕ್ಕೆ ಎಷ್ಟು ಬೆಳೀತು, ಕೆಳಗೆ ಬೇಸ್‌ಮೆಂಟ್ ಎಷ್ಟು ಅಗೆದ್ರು, ನಿಮಗೇ ಗೊತ್ತು. ಆ ಸೋಫಾ ಅಂಗಡಿಯ ಫೋಮೇ ಇವತ್ತು ನಮ್ಮ ಹಾಲ್‌ನಲ್ಲೂ ಇದೆ.

ಕೆಲಸಕ್ಕೆ ಸೇರುವಾಗ ಬನ್ನೇರುಘಟ್ಟ ರಸ್ತೆಯ ಅಕಾಡೆಮಿಯಲ್ಲಿ ತರಬೇತಿ ಇದೆ. ಮೇಲಿನ ಕೋರ್ಸ್‌ಗಳಿಗೆ ನಾಗಪುರದ ರಾಷ್ಟ್ರೀಯ ಕಾಲೇಜು ಇದೆ. ನನ್ನ ಪ್ರಶ್ನೆ ಇಷ್ಟೇ. 15 ವರ್ಷದ ಹಿಂದೆ ಕಲಿತು, ಇವತ್ತು ತಾಲ್ಲೂಕು ಠಾಣೆಯಲ್ಲಿ ನಾಝಲ್ ಹಿಡಿಯೋ ಆ ಲೀಡಿಂಗ್ ಫೈರ್‌ಮ್ಯಾನ್‌ಗೆ ಹೊಸದನ್ನ ಯಾರು ಹೇಳ್ತಾರೆ? ನಮ್ಮಲ್ಲೂ ಅಗ್ನಿ ಸುರಕ್ಷತೆ ಸಮ್ಮೇಳನ, ಪ್ರದರ್ಶನ ನಡೆಯುತ್ತೆ, ದೊಡ್ಡ ಹೋಟೆಲ್ಲುಗಳಲ್ಲಿ. ಅಲ್ಲಿ ಕಾಣೋದು ಹೆಚ್ಚಾಗಿ ಕನ್ಸಲ್ಟೆಂಟ್‌ಗಳು, ಉಪಕರಣ ಮಾರೋರು, ವೇದಿಕೆ ಮೇಲೆ ಹಿರಿಯ ಅಧಿಕಾರಿಗಳು. ಇಲಾಖೆ ಮುಖ್ಯಸ್ಥರು ಐಪಿಎಸ್‌ನವರು, ಇವತ್ತು ಇಲ್ಲಿ, ನಾಳೆ ಬೇರೆ ಕಡೆಗೆ ವರ್ಗ. ಅವರನ್ನ ಕಳಿಸಿದ್ರೆ ಕಲಿತದ್ದು ಅವರ ಜೊತೆಗೇ ವರ್ಗ ಆಗುತ್ತೆ. ಹೋದ ಪುಟ್ಟ, ಬಂದ ಪುಟ್ಟ.

ಹಾಗಂತ ಎಲ್ಲರನ್ನೂ ಇಂಡಿಯಾನಾಪೊಲಿಸ್‌ಗೆ ಕಳಿಸಿ ಅಂತ ನಾನು ಹೇಳಲ್ಲ. ಅಮೆರಿಕದಲ್ಲಿ ಮರದ ಮನೆಗಳು. ಛಾವಣಿ ಕೊಯ್ದು ಹೊಗೆ ಬಿಡೋ ವಿದ್ಯೆ ಅಲ್ಲಿ ದೊಡ್ಡ ಪಾಠ. ನಮ್ಮ ಆರ್‌ಸಿಸಿ ಮೋಲ್ಡಿನ ಮೇಲೆ ಆ ಗರಗಸ ತಗೊಂಡು ಏನು ಮಾಡ್ತೀರಿ? ನಮಗೆ ಬೇಕಾದ್ದು ಬೇರೆ. ಹೊಗೆಯನ್ನ ಓದೋದು, ಬೇಸ್‌ಮೆಂಟ್‌ಗೆ ಇಳಿಯೋದು, ಎತ್ತರದ ಕಟ್ಟಡದ ಮೆಟ್ಟಿಲಲ್ಲಿ ಪೈಪು ಒಯ್ಯೋದು, ಒಳಗೆ ಹೋದ ಸಹೋದ್ಯೋಗಿಯೇ ಸಿಕ್ಕಿಹಾಕಿಕೊಂಡ್ರೆ ಅವನನ್ನ ಹೊರಗೆ ತರೋದು.

ಇಬ್ಬರನ್ನ ಕಳಿಸಿ, ಸಾಕು. ಆದ್ರೆ ಆ ಇಬ್ಬರು ಅಕಾಡೆಮಿಯಲ್ಲಿ ಪಾಠ ಮಾಡೋರಾಗಿರಬೇಕು, ನಿವೃತ್ತಿಗೆ ಕನಿಷ್ಠ 10 ವರ್ಷ ಇರಬೇಕು, ಕೈಯಾರೆ ಮಾಡೋ ತರಬೇತಿಗೇ ಹೆಸರು ಕೊಟ್ಟಿರಬೇಕು. ವಾಪಸ್ ಬಂದ ಮೇಲೆ ಒಂದು ವರ್ಷ ಜಿಲ್ಲೆ ಜಿಲ್ಲೆಗೆ ಹೋಗಿ ಕನ್ನಡದಲ್ಲಿ ಹೇಳಿಕೊಡಬೇಕು. ಉಳಿದ ದುಡ್ಡಲ್ಲಿ ಇಲ್ಲೇ ಕಾರ್ಯಾಗಾರ ನಡೆಸಿ, ಶುಲ್ಕ, ಭತ್ಯೆ, ರಜೆ ಎಲ್ಲ ಇಲಾಖೆಯೇ ಕೊಡಲಿ. ಸಂಬಳದಲ್ಲಿ ಮಕ್ಕಳ ಫೀಸು ಕಟ್ಟೋ ಫೈರ್‌ಮ್ಯಾನ್ ಜೇಬಿಗೆ ಕೈ ಹಾಕಬೇಡಿ. ಮುಂದಿನ ಸಲ ಗೃಹ ಸಚಿವರು ವಿದೇಶಿ ತರಬೇತಿ ಪ್ರವಾಸದ ಫೈಲಿಗೆ ಸಹಿ ಹಾಕುವಾಗ ಒಂದು ಪ್ರಶ್ನೆ ಕೇಳಲಿ: ಹೋದ ಸಲ ಹೋಗಿಬಂದವರು ಯಾವ ಯಾವ ಠಾಣೆಯಲ್ಲಿ ಪಾಠ ಮಾಡಿದ್ರು? ಪಟ್ಟಿ ಕೊಡಿ.

ನಿಮಗೂ ಒಂದು ಮಾತು. ಇಂಥ ಪ್ರಯೋಗಗಳಲ್ಲೇ ಕಂಡದ್ದು ಇದು: ಬೆಂಕಿ ಬಿದ್ದ ಮನೆಯಲ್ಲಿ ಬಾಗಿಲು ತೆರೆದಿದ್ದ ಕೋಣೆಯ ತಾಪ ನೂರಾರು ಡಿಗ್ರಿಗೆ ಏರಿತು, ಬಾಗಿಲು ಮುಚ್ಚಿದ್ದ ಪಕ್ಕದ ಕೋಣೆಯಲ್ಲಿ ಮನುಷ್ಯ ತಾಳಿಕೊಳ್ಳೋ ಅಷ್ಟೇ ಇತ್ತು. ರಾತ್ರಿ ಮಲಗುವಾಗ ಕೋಣೆಯ ಬಾಗಿಲು ಮುಚ್ಚಿಕೊಳ್ಳಿ. ಚಿಲಕ ಬೇಡ, ಮುಚ್ಚಿದ್ರೆ ಸಾಕು.