ಕಾಕತಿಯ ಮಗಳ ಚರಿತ್ರೆ

ಬೆಳಗಾವಿಗೆ ಹೊಂದಿಕೊಂಡೇ ಇರುವ ಕಾಕತಿ, ಕಿತ್ತೂರು ರಾಣಿ ಚೆನ್ನಮ್ಮನ ತವರು. ಕಂಪನಿ ಸರ್ಕಾರದ ದಫ್ತರದಲ್ಲಿ ಆಕೆ ಬಂಡೆದ್ದವಳು. ನಮ್ಮ ಲಾವಣಿಗಳಲ್ಲಿ ನಾಡಿನ ತಾಯಿ. ಆಕೆಯ ಬದುಕನ್ನು ಬರೆಯಹೊರಟವರು ಎರಡಕ್ಕೂ ಕಿವಿಗೊಡಬೇಕು.

ಅಭಿಮಾನದ ಬರಹಗಳಲ್ಲೂ ತಪ್ಪು ನುಸುಳಿದೆ. ಡಾಲ್‌ಹೌಸಿಯ ದತ್ತುನಿಷೇಧ ನೀತಿಯ ವಿರುದ್ಧ ಚೆನ್ನಮ್ಮ ಹೋರಾಡಿದಳೆಂದು ಎಷ್ಟೋ ಕಡೆ ಓದುತ್ತೇವೆ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಕಿತ್ತೂರಿನ ಕಾಳಗ ನಡೆದದ್ದು 1824ರ ಅಕ್ಟೋಬರ್ 23ರಂದು. ಅಂದರೆ ಆ ನೀತಿಗೆ ಹೆಸರು ಬೀಳುವ ಎಷ್ಟೋ ವರ್ಷ ಮೊದಲೇ, ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಗಾದಿಗಾಗಿ ನಡೆದ ಶಿವಲಿಂಗಪ್ಪನ ದತ್ತಕವನ್ನು ತಳ್ಳಿಹಾಕಿದಾಗಲೇ, ಆಕೆ ಎದುರು ನಿಂತಿದ್ದಳು. ನಿಜ ತಿಳಿದಷ್ಟೂ ಚೆನ್ನಮ್ಮ ನನಗೆ ಇನ್ನೂ ದೊಡ್ಡವಳಾಗಿ ಕಾಣುತ್ತಾಳೆ.

ಆ ಕಾಳಗದಲ್ಲಿ ಥ್ಯಾಕರೆ ಹತನಾದ. ಸೆರೆಸಿಕ್ಕವರಲ್ಲಿ ವಾಲ್ಟರ್ ಎಲಿಯಟ್ ಎಂಬ ತರುಣ ಅಧಿಕಾರಿಯಿದ್ದ. ಕಿತ್ತೂರಿನವರು ಅವನನ್ನು ಜೀವಸಹಿತ ಬಿಟ್ಟರು. ಮುಂದೆ ಕನ್ನಡನಾಡಿನ ನೂರಾರು ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದವನು ಅದೇ ಎಲಿಯಟ್. ಶತ್ರುವಿನ ಬದುಕಿನ ಈ ಪುಟವೂ ರಾಣಿಯ ಚರಿತ್ರೆಗೆ ಸೇರಬೇಕು.

ಡಿಸೆಂಬರಿನಲ್ಲಿ ಕೋಟೆ ಬಿತ್ತು. 1829ರಲ್ಲಿ ಕೊನೆಯುಸಿರೆಳೆಯುವವರೆಗೆ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದಳು. ಆಕೆಯ ಪರವಾಗಿ ಹೋರಾಡಿದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಿದರು. ಕತ್ತಿ ಹಿಡಿದ ದಿನಗಳ ಬಗ್ಗೆ ನಾವು ಬೇಕಾದಷ್ಟು ಬರೆದಿದ್ದೇವೆ. ಸೆರೆಯ ಆ ವರ್ಷಗಳ ಬಗ್ಗೆ, ಕಡತ ತೆರೆದು, ಬೈಲಹೊಂಗಲದ ಹಿರಿಯರನ್ನು ಕೇಳಿ, ನಮ್ಮ ಹುಡುಗ ಹುಡುಗಿಯರು ಬರೆಯಲಿ ಎಂಬುದು ನನ್ನ ಆಸೆ.