ಅರಸೀಕೆರೆಯಿಂದ ದೋರಸಮುದ್ರಕ್ಕೆ



ಹಳೇಬೀಡಿಗೆ ಪ್ರವಾಸ ಹೋಗಿ ಬಂದವರನ್ನು ‘ಅಲ್ಲಿ ಏನು ನೋಡಿದಿರಿ?’ ಎಂದು ಕೇಳಿ. ‘ದೇವಸ್ಥಾನ ನೋಡಿದೆವು’ ಎನ್ನುತ್ತಾರೆ. ‘ಊರು ನೋಡಿದಿರಾ?’ ಎಂದು ಮತ್ತೆ ಕೇಳಿದರೆ ಸುಮ್ಮನಾಗುತ್ತಾರೆ. ಬಸ್ಸಿನಿಂದ ಇಳಿದು, ಒಂದು ಗಂಟೆ ಗೋಡೆಯ ಶಿಲ್ಪಗಳನ್ನು ಸುತ್ತಿ, ಫೋಟೋ ತೆಗೆಸಿಕೊಂಡು, ಎಳನೀರು ಕುಡಿದು ಮತ್ತೆ ಬಸ್ಸು ಹತ್ತುವುದು ನಮ್ಮ ಶಾಲಾ ಪ್ರವಾಸಗಳ ಕ್ರಮ. ಆದರೆ ಹಳೇಬೀಡು ಎಂಬ ಹೆಸರಿನಲ್ಲೇ ಅದು ಬರೀ ಗುಡಿಯಲ್ಲ ಎಂಬ ಸೂಚನೆ ಇದೆ. ಬೀಡು ಎಂದರೆ ಅರಸರು ನೆಲೆ ನಿಂತ ಸ್ಥಳ. ಹೊಯ್ಸಳರ ಕಾಲದಲ್ಲಿ ಅದರ ಹೆಸರು ದೋರಸಮುದ್ರ. ಸಮುದ್ರವೆಂದರೆ ಇಲ್ಲಿ ಕಡಲಲ್ಲ, ಕೆರೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹಂಪೆಗೆ ತುಂಗಭದ್ರೆ ಇದೆ, ಶ್ರೀರಂಗಪಟ್ಟಣಕ್ಕೆ ಕಾವೇರಿ ಇದೆ. ದೋರಸಮುದ್ರದ ಪಕ್ಕದಲ್ಲಿ ಅಂಥ ಯಾವ ನದಿಯೂ ಇಲ್ಲ. ಅರಮನೆ, ಕೋಟೆ, ಸೈನ್ಯ, ಆನೆ, ಕುದುರೆ, ಅಂಗಡಿ ಬೀದಿಗಳಿದ್ದ ರಾಜಧಾನಿ ನೀರು ಕುಡಿದದ್ದು ಎಲ್ಲಿಂದ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರವಾಸ ಹೊರಟರೆ ದಾರಿಯೂ ಬೇರೆಯಾಗುತ್ತದೆ, ನೋಡುವ ಕ್ರಮವೂ ಬೇರೆಯಾಗುತ್ತದೆ.

ಮೊದಲು ದಾರಿಯ ವಿಷಯ. ಬೇಲೂರು, ಹಳೇಬೀಡುಗಳಿಗೆ ರೈಲು ನಿಲ್ದಾಣವಿಲ್ಲ. ಬೆಂಗಳೂರಿನಿಂದಾಗಲಿ ಹುಬ್ಬಳ್ಳಿ, ಶಿವಮೊಗ್ಗಗಳಿಂದಾಗಲಿ ಬರುವವರಿಗೆ ಅನುಕೂಲವಾದದ್ದು ಅರಸೀಕೆರೆ ಜಂಕ್ಷನ್. ಬೆಂಗಳೂರಿನಿಂದ ತುಮಕೂರು, ತಿಪಟೂರು ಮಾರ್ಗವಾಗಿ ಸುಮಾರು 166 ಕಿಲೋಮೀಟರ್. ಹಾಸನ, ಮೈಸೂರುಗಳ ಕಡೆಗೆ ಹೋಗುವ ಮಾರ್ಗ ಕವಲೊಡೆಯುವುದೂ ಇಲ್ಲಿಯೇ. ಅಲ್ಲಿಂದ ಮುಂದೆ ಬಸ್ಸು. ಹಾಸನದ ಮೂಲಕ ಹೋದರೆ ದೂರ ಹೆಚ್ಚು, ಬಸ್ಸುಗಳೂ ಹೆಚ್ಚು. ಬಾಣಾವರ, ಜಾವಗಲ್ ದಾರಿಯಲ್ಲಿ ಹೋದರೆ ದೂರ ಕಡಿಮೆ, ಆದರೆ ಬಸ್ಸಿನ ವೇಳೆ ವಿಚಾರಿಸಿಕೊಂಡೇ ಹೊರಡಬೇಕು. ನನ್ನನ್ನು ಕೇಳಿದರೆ ಈ ಎರಡನೆಯ ದಾರಿಯೇ ಮೇಲು. ಜಾವಗಲ್ಲಿನಲ್ಲಿ 13ನೆಯ ಶತಮಾನದ ಲಕ್ಷ್ಮೀನರಸಿಂಹ ದೇವಾಲಯವಿದೆ. ಕ್ರಿಕೆಟ್ ಆಟಗಾರ ಶ್ರೀನಾಥ್ ಅವರ ಹೆಸರಿನ ಮುಂದಿರುವ ಜಾವಗಲ್ ಇದೇ ಎಂದರೆ ನಿಮ್ಮಲ್ಲಿ ಕೆಲವರಾದರೂ ಕಿಟಕಿಯಾಚೆ ನೋಡುತ್ತೀರಿ.

ಅರಸೀಕೆರೆಯನ್ನು ರೈಲು ಬದಲಾಯಿಸುವ ಊರೆಂದು ಮಾತ್ರ ತಿಳಿಯಬೇಡಿ. ಅರಸಿಯ ಕೆರೆ ಅರಸೀಕೆರೆ. ಹೊಯ್ಸಳರ ಶಾಸನಗಳಲ್ಲಿ ಇದಕ್ಕೆ ಬಲ್ಲಾಳಪುರವೆಂಬ ಹೆಸರೂ ಇದೆ. ಇಲ್ಲಿನ ಈಶ್ವರ ದೇವಾಲಯ ಸುಮಾರು 1220ರದು. ಅದರ ಮುಂದಿನ ತೆರೆದ ಮಂಟಪದ ತಳವಿನ್ಯಾಸ 16 ಮೂಲೆಗಳ ನಕ್ಷತ್ರ. ಮಂಟಪದೊಳಗೆ ನಿಂತು ಮೇಲೆ ನೋಡಿ, ಗುಮ್ಮಟದಂಥ ಚಾವಣಿ ಕಾಣುತ್ತದೆ. ಬಸ್ಸಿಗೆ ಕಾಯುವ ವೇಳೆಯಲ್ಲೇ ನೋಡಿ ಬರಬಹುದು. ಜನಜಂಗುಳಿ ಇಲ್ಲದಿರುವುದರಿಂದ ನಕ್ಷೆ ಬರೆದುಕೊಳ್ಳಲು ಇದಕ್ಕಿಂತ ಒಳ್ಳೆಯ ಗುಡಿ ಸಿಗದು.

ಈಗ ಒಂದು ಸಲಹೆ. ಅರಸೀಕೆರೆಯಿಂದ ಹೋಗುವಾಗ ಹಳೇಬೀಡು ಮೊದಲು ಸಿಕ್ಕರೂ ಇಳಿಯಬೇಡಿ. ಇನ್ನೂ 16 ಕಿಲೋಮೀಟರ್ ಮುಂದೆ ಬೇಲೂರಿಗೆ ಹೋಗಿ ತಂಗಿ. ಮರುದಿನ ಬೇಲೂರಿನಿಂದ ಹಳೇಬೀಡಿಗೆ ಬನ್ನಿ. ಏಕೆಂದರೆ ನೀರು ಬಂದದ್ದು ಆ ದಿಕ್ಕಿನಲ್ಲಿ.

ಬೇಲೂರು ಯಗಚಿ ನದಿಯ ಊರು. ಯಗಚಿ ಚಿಕ್ಕಮಗಳೂರಿನ ಗುಡ್ಡಗಳ ಕಡೆಯಿಂದ ಇಳಿದು ಬಂದು, ಬೇಲೂರನ್ನು ಹಾದು, ಮುಂದೆ ಹೇಮಾವತಿಯನ್ನು ಸೇರುತ್ತದೆ. ಹೇಮಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಈ ಯಗಚಿಯಿಂದ, ಹತ್ತು ಮೈಲಿ ದೂರದಿಂದ, ರಾಜಧಾನಿಗೆ ನೀರು ತರುತ್ತಿದ್ದ ಕಾಲುವೆಯ ಅವಶೇಷಗಳ ವಿಷಯ ಹಿಂದಿನ ಮೈಸೂರು ಗೆಜೆಟಿಯರಿನಲ್ಲಿಯೇ ಬಂದಿದೆ. ಪಂಪು, ಕೊಳವೆ ಯಾವುದೂ ಇಲ್ಲದ ಕಾಲ. ನೀರು ತನ್ನಷ್ಟಕ್ಕೆ ಹರಿಯಬೇಕಾದರೆ ಕಾಲುವೆಯ ತಳ ಉದ್ದಕ್ಕೂ ಸ್ವಲ್ಪ ಸ್ವಲ್ಪವೇ ಇಳಿಯುತ್ತ ಬರಬೇಕು. ಇಳಿಜಾರು ಹೆಚ್ಚಾದರೆ ನೀರು ದಂಡೆ ಕೊರೆಯುತ್ತದೆ, ಕಡಿಮೆಯಾದರೆ ಹೂಳು ತುಂಬುತ್ತದೆ. ದಿಬ್ಬ ಎದುರಾದರೆ ಬಳಸಿಕೊಂಡು ಹೋಗಬೇಕು. ಬೇಲೂರಿನಿಂದ ಹಳೇಬೀಡಿಗೆ ಬಸ್ಸಿನಲ್ಲಿ ಬರುವಾಗ ನೆಲದ ಏರಿಳಿತವನ್ನು ಗಮನಿಸುತ್ತ ಬನ್ನಿ. ನಿಮಗೆ ಆ ಕೆಲಸ ವಹಿಸಿದ್ದರೆ ಯಾವ ಕಡೆಯಿಂದ ಕಾಲುವೆ ತೋಡುತ್ತಿದ್ದಿರಿ ಎಂದು ಗೆಳೆಯರೊಡನೆ ಚರ್ಚಿಸಿ.

ಬೇಲೂರಿನ ಚೆನ್ನಕೇಶವ ದೇವಾಲಯದ ಬಗ್ಗೆ ನಿಮ್ಮ ಪಠ್ಯಪುಸ್ತಕ ಸಾಕಷ್ಟು ಹೇಳಿದೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಗುಡಿ, ಹೊರಗೆ 38 ಮತ್ತು ಒಳಗೆ 4 ಮದನಿಕೆಯರು. ಅದು ಇಂದಿಗೂ ಪೂಜೆ ನಡೆಯುವ ಗುಡಿ. ಮಧ್ಯಾಹ್ನ ಕೆಲ ಹೊತ್ತು ಗರ್ಭಗುಡಿ ಮುಚ್ಚಿರುತ್ತದೆ, ಬೆಳಿಗ್ಗೆಯೇ ಹೋಗಬೇಕು. ಚಪ್ಪಲಿ ಹೊರಗೆ ಬಿಡಬೇಕಾದ್ದರಿಂದ ಬಿಸಿಲಿನಲ್ಲಿ ಚಪ್ಪಡಿ ಕಾಲು ಸುಡುತ್ತದೆ, ಒಂದು ಜೊತೆ ಕಾಲುಚೀಲ ಇಟ್ಟುಕೊಳ್ಳಿ. ಈಶಾನ್ಯ ಮೂಲೆಯಲ್ಲಿರುವ ಪುಷ್ಕರಿಣಿಯನ್ನು ಹೆಚ್ಚಿನವರು ನೋಡದೆಯೇ ಬರುತ್ತಾರೆ. ನೀವು ಹಾಗೆ ಮಾಡಬೇಡಿ.

ಇನ್ನು ಹಳೇಬೀಡು. ಹೊಯ್ಸಳೇಶ್ವರ ದೇವಾಲಯದ ಕೆಲಸ ಸುಮಾರು 1121ರಲ್ಲಿ ಆರಂಭವಾಯಿತು. ಜೋಡಿ ಗುಡಿಗಳು, ಎರಡು ನಂದಿಗಳು. ಕೆಳಗಿನ ಪಟ್ಟಿಕೆಗಳಲ್ಲಿ ಆನೆ, ಸಿಂಹ, ಕುದುರೆಗಳ ಜೊತೆಗೆ ಮಕರಗಳ ಸಾಲು, ಹಂಸಗಳ ಸಾಲು ಇವೆ. ಮಕರವೂ ಹಂಸವೂ ನೀರಿನ ಪ್ರಾಣಿಗಳೇ. ಶಿಲ್ಪಿಗಳು ಕೆರೆಯನ್ನು ನೋಡಿಯೇ ಅವನ್ನು ಕಂಡರಿಸಿದರೆಂದು ನಾನು ಹೇಳುವುದಿಲ್ಲ, ಅವು ಬೇರೆ ಹೊಯ್ಸಳ ಗುಡಿಗಳಲ್ಲೂ ಇವೆ. ಆದರೂ ಪಕ್ಕದಲ್ಲೇ ಅಷ್ಟು ದೊಡ್ಡ ಕೆರೆ ಇರುವಾಗ ಆ ಸಾಲುಗಳನ್ನು ನೋಡುವುದರಲ್ಲಿ ಒಂದು ಸೊಗಸಿದೆ.

ಗುಡಿ ನೋಡಿದ ಮೇಲೆ ಬಸ್ಸು ಹತ್ತದೆ ನಡೆಯಿರಿ. ಅರ್ಧ ದಿನ ಸಾಕು. ಬಸ್ತಿಹಳ್ಳಿಯಲ್ಲಿ ಮೂರು ಜೈನ ಬಸದಿಗಳಿವೆ. ಪಾರ್ಶ್ವನಾಥ ಬಸದಿಯ ಕಂಬಗಳು ಮುಖ ಕಾಣುವಷ್ಟು ನುಣುಪು. ಅಲ್ಲಿಂದ ಸ್ವಲ್ಪ ದೂರದಲ್ಲಿ 1219ರ ಕೇದಾರೇಶ್ವರ. ಅರಮನೆ ಇದ್ದದ್ದು ಬೆಣ್ಣೆಗುಡ್ಡದ ಬಳಿ ಎನ್ನುತ್ತಾರೆ. ಕೋಟೆಯ ಗೋಡೆ, ಕಂದಕಗಳ ಉಳಿಕೆಗಳು ಹೊಲಗಳ ನಡುವೆ ಸಿಗುತ್ತವೆ. ಹುಲಿಕೆರೆ ಗ್ರಾಮದ ಕಲ್ಯಾಣಿಗೆ ತಪ್ಪದೆ ಹೋಗಿ. 12ನೆಯ ಶತಮಾನದ್ದು, ಮೆಟ್ಟಿಲುಗಳ ನಡುವೆ ಸುತ್ತಲೂ ಪುಟ್ಟ ಗುಡಿಗಳು. ಬಳಪದ ಕಲ್ಲಿನ ಕೆಲಸ ನೀರಿನ ಅಂಚಿಗೆ ಇಳಿದಿರುವುದನ್ನು ನೋಡಲು ಅಲ್ಲಿಗೇ ಹೋಗಬೇಕು.

ಕೊನೆಗೆ ಕೆರೆಯ ಏರಿ. ತೂಬು ಎಲ್ಲಿದೆ, ಕೋಡಿ ಎಲ್ಲಿದೆ, ಅಚ್ಚುಕಟ್ಟು ಯಾವ ಕಡೆಗಿದೆ ಎಂಬುದನ್ನು ಪುಸ್ತಕಕ್ಕಿಂತ ಅಲ್ಲಿಯ ರೈತರು ಚೆನ್ನಾಗಿ ಹೇಳುತ್ತಾರೆ. ಹಿಂದೆ ಕೆರೆಯ ದುರಸ್ತಿಗಾಗಿ ಭೂಮಿ ಬಿಡುತ್ತಿದ್ದರು, ಫಸಲಿನಲ್ಲಿ ಪಾಲು ಎತ್ತಿಡುತ್ತಿದ್ದರು. ಶಾಸನಗಳಲ್ಲಿ ಬರುವ ಬಿತ್ತುವಟ್ಟ ಎಂಬ ಪದಕ್ಕೆ ಇದೇ ಹಿನ್ನೆಲೆ. 1311ರಲ್ಲಿ ಮಲಿಕ್ ಕಾಫರನ ದಂಡು ಬಂತು, 1327ರ ಸುಮಾರಿಗೆ ತುಘಲಕನ ದಂಡು ಬಂತು. ಅರಮನೆ ಹೋಯಿತು, ಪೇಟೆ ಹೋಯಿತು, ಅರಸರೂ ಹೋದರು. ಕೆರೆ ಮಾತ್ರ ಉಳಿಯಿತು. ಹೊಲ ಉಳುವವರಿಗೆ ಅದು ಬೇಕಾಗಿತ್ತು, ಅದಕ್ಕೇ ಉಳಿಯಿತು.

ಕಾಲುವೆಗೆ ಆ ಭಾಗ್ಯ ಇರಲಿಲ್ಲ. ನೀರು ನಿಂತ ಕಾಲುವೆ ಬರೀ ತಗ್ಗು. ತಗ್ಗನ್ನು ಮುಚ್ಚಿ ಉಳುವುದು ಸುಲಭ, ಅದರ ಕಲ್ಲು ಮನೆಕಟ್ಟೆಗೆ ಒದಗುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಗುಡಿಗೆ ಇದು ರಕ್ಷಣೆ. ಪಕ್ಕದಲ್ಲಿ ಮನೆ ಇರುವವರಿಗೆ ಕಷ್ಟವೂ ಹೌದು, ಅವರನ್ನು ಕೇಳಿದರೆ ಹೇಳುತ್ತಾರೆ. ಆದರೆ ಹೊಲದ ನಡುವೆ ಸಾಗುವ ಒಂದು ಹಳೆಯ ಕಾಲುವೆಯ ಗುರುತಿಗೆ ಆ ಅಳತೆ ಸಿಗುವುದು ಅಪರೂಪ. ಆದ್ದರಿಂದ ಪ್ರವಾಸದ ವರದಿ ಬರೆಯುವಾಗ ಕೆರೆ, ತೂಬು, ಕಲ್ಯಾಣಿ, ಕಂದಕ, ಕಾಲುವೆಯ ತಗ್ಗು ಕಂಡ ಸ್ಥಳಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸಿ. ಯಾರ ಹೊಲದಲ್ಲಾದರೂ ಕಾಲಿಡುವ ಮೊದಲು ಕೇಳಿ, ಬೆಳೆ ತುಳಿಯಬೇಡಿ, ಕಲ್ಲು ಎತ್ತಿಕೊಂಡು ಬರಬೇಡಿ.

ಹಿಂದಿರುಗಲು ಹಳೇಬೀಡಿನಿಂದ ಹಾಸನಕ್ಕೆ ಸುಮಾರು 30 ಕಿಲೋಮೀಟರ್, ಬಸ್ಸುಗಳಿವೆ. ಅಲ್ಲಿಂದ ಬೆಂಗಳೂರಿಗೂ ಮೈಸೂರಿಗೂ ರೈಲು ಸಿಗುತ್ತದೆ.