ರಕ್ತ ಕಡಿಮೆ ಇದೆ, ಆದರೆ ಏಕೆ?

(ನೇಸರಗಿಯಲ್ಲಿ ಹಿರಿಯರ ಸಭೆಯಲ್ಲಿ ಮಾಡಿದ ಭಾಷಣ)

ನಾನು ವೈದ್ಯನಲ್ಲ, ನಿವೃತ್ತ ಇಂಜಿನಿಯರ್. ಮಲಪ್ರಭಾ ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟದಿದ್ದರೆ ನಾವು ಮೂರು ಪ್ರಶ್ನೆ ಕೇಳುತ್ತೇವೆ. ನವಿಲುತೀರ್ಥದ ಜಲಾಶಯಕ್ಕೆ ಒಳಹರಿವು ಕಡಿಮೆಯೇ? ಗೇಟು ಕೆಟ್ಟಿದೆಯೇ? ನಡುವೆ ಎಲ್ಲಿಯಾದರೂ ಸೋರುತ್ತಿದೆಯೇ? ಮುಪ್ಪಿನ ರಕ್ತಹೀನತೆಗೂ ಇವೇ ಮೂರು ಪ್ರಶ್ನೆ.

ಹಿಮೋಗ್ಲೋಬಿನ್ ಡೆಸಿಲೀಟರಿಗೆ ಗಂಡಸರಲ್ಲಿ 13, ಹೆಂಗಸರಲ್ಲಿ 12 ಗ್ರಾಮಿಗಿಂತ ಇಳಿದರೆ ರಕ್ತಹೀನತೆ. ಅದು ರೋಗದ ಹೆಸರಲ್ಲ, ಒಳಗಿನ ರೋಗದ ಗುರುತು. ಅಜ್ಜಿ ಹೊಸ್ತಿಲು ದಾಟುವಷ್ಟರಲ್ಲಿ ಏದುಸಿರು ಬಿಟ್ಟರೆ 'ವಯಸ್ಸಾಯಿತು' ಎಂದು ಸುಮ್ಮನಾಗುತ್ತೇವೆ. 2018ರ ಅನೀಮಿಯಾ ಮುಕ್ತ ಭಾರತ ಯೋಜನೆ ಮಕ್ಕಳು, ಹದಿಹರೆಯದವರು, ಹೆರುವ ವಯಸ್ಸಿನ ತಾಯಂದಿರಿಗಾಗಿ ಇದೆ. ಮುದುಕರ ಲೆಕ್ಕ ಮನೆಯವರೇ ಇಡಬೇಕು.

ಮೊದಲನೆಯದು ಒಳಹರಿವು. ಬಿ12 ಜೀವಸತ್ವ ಕಾಳು, ಕಾಯಿಪಲ್ಲೆಗಳಲ್ಲಿಲ್ಲ. ಸಸ್ಯಾಹಾರಿಗಳಾದ ನಮಗೆ ಹಾಲು, ಮೊಸರೇ ಮುಖ್ಯ ಆಧಾರ. ವಯಸ್ಸಾದಂತೆ ಅದನ್ನು ಹೀರುವ ಶಕ್ತಿ ಕುಗ್ಗುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಗುಳಿಗೆಯೂ ಕುಗ್ಗಿಸಬಲ್ಲದು. ಕಾಲು ಜೋಮು, ನಡಿಗೆ ತೂರಾಟ ಇದ್ದರೆ ಬಿ12 ಪರೀಕ್ಷಿಸಲೇಬೇಕು. ಬರೀ ಫೋಲಿಕ್ ಆಮ್ಲ ಕೊಟ್ಟರೆ ರಕ್ತ ಏರಬಹುದು, ನರಗಳು ಮಾತ್ರ ಕೆಡುತ್ತಲೇ ಹೋಗುತ್ತವೆ.

ಎರಡನೆಯದು ತಯಾರಿಕೆ. ರಕ್ತ ತಯಾರಿಸೆಂದು ಅಸ್ಥಿಮಜ್ಜೆಗೆ ಸಂದೇಶ ಕಳಿಸುವುದು ಮೂತ್ರಪಿಂಡ. ಅದು ದುರ್ಬಲವಾದರೆ ರಕ್ತವೂ ಇಳಿಯುತ್ತದೆ. ಆದ್ದರಿಂದ ಕ್ರಿಯಾಟಿನಿನ್ ಪರೀಕ್ಷೆ ಬೇಕು.

ಮೂರನೆಯದು ಸೋರಿಕೆ. ಮುಟ್ಟು ನಿಂತ ತಾಯಿಗೆ, ವಯಸ್ಸಾದ ಗಂಡಸಿಗೆ ಕಬ್ಬಿಣಾಂಶ ಕಡಿಮೆ ಎಂದರೆ ಹೊಟ್ಟೆ, ಕರುಳಿನಲ್ಲಿ ರಕ್ತ ಹೋಗುತ್ತಿರಬಹುದೆಂದು ಮೊದಲು ಸಂಶಯಪಡಬೇಕು. ಮೊಣಕಾಲು ನೋವಿಗೆ ದಿನವೂ ನುಂಗುವ ಗುಳಿಗೆಯಿಂದಾದ ಹುಣ್ಣು, ಮೂಲವ್ಯಾಧಿ, ಕೆಲವೊಮ್ಮೆ ಕರುಳಿನ ಕ್ಯಾನ್ಸರ್. ಸೋರಿಕೆ ಸಣ್ಣದಾದರೆ ಕಣ್ಣಿಗೆ ಕಾಣುವುದಿಲ್ಲ. ಕಬ್ಬಿಣದ ಗುಳಿಗೆಯಿಂದ ಅಂಕಿ ತುಸು ಏರಿ ಮನೆಯವರು ನೆಮ್ಮದಿಯಾಗುತ್ತಾರೆ; ಗೆಡ್ಡೆ ಒಳಗೇ ಬೆಳೆಯುತ್ತದೆ. ಬೇಗ ಸಿಕ್ಕ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಇದೆ. ತಡವಾದರೆ ದಾರಿಗಳು ಒಂದೊಂದಾಗಿ ಮುಚ್ಚುತ್ತವೆ.

ಪತ್ತೆ ಶುರುವಾಗುವುದು ಸಾದಾ ರಕ್ತ ಪರೀಕ್ಷೆಯಿಂದಲೇ. ಅದೇ ಚೀಟಿಯಲ್ಲಿ ಎಂಸಿವಿ ಎಂಬ ಅಂಕಿ ಇರುತ್ತದೆ, ಅಂದರೆ ಕೆಂಪು ಕಣದ ಗಾತ್ರ. 80ಕ್ಕಿಂತ ಕಡಿಮೆಯಿದ್ದರೆ ಕಬ್ಬಿಣದ ಕೊರತೆಯ ಸಂಶಯ, ಫೆರಿಟಿನ್ ನೋಡಬೇಕು. 100 ದಾಟಿದರೆ ಬಿ12, ಫೋಲೇಟ್ ನೋಡಬೇಕು. ನಡುವೆ ಇದ್ದರೂ ನಿಶ್ಚಿಂತೆಯಲ್ಲ. ಎರಡು ಕೊರತೆ ಕೂಡಿದಾಗ ಗಾತ್ರ ಸರಿಯಾಗಿಯೇ ಕಾಣಬಹುದು.

ದವಾಖಾನೆಗೆ ಹೋಗುವಾಗ ಹಿರಿಯರು ನುಂಗುವ ಎಲ್ಲ ಗುಳಿಗೆಗಳನ್ನೂ ಒಂದು ಚೀಲದಲ್ಲಿ ಒಯ್ಯಿರಿ. ಮಲ ಡಾಂಬರಿನಂತೆ ಕಪ್ಪಾಗಿದೆಯೇ, ತೂಕ ಇಳಿದಿದೆಯೇ ಎಂಬುದನ್ನು ನಾಚಿಕೆಯಿಲ್ಲದೆ ಹೇಳಿರಿ. 'ರಕ್ತ ಏರಿಸಿರಿ' ಎನ್ನುವ ಮೊದಲು 'ಏಕೆ ಇಳಿಯಿತು?' ಎಂದು ಕೇಳಿರಿ. ಜೀವಮಾನವಿಡೀ ಕಾಯಕ ಮಾಡಿದವರಿಗೆ ಇಷ್ಟು ವಿಚಾರಣೆ ನಮ್ಮಿಂದ ಸಲ್ಲಬೇಕು.